ಗಂಜಿ ಹಾಕಿದ ಕಾರು

ಜುಲೈ 2, ಬುಧವಾರ. ಭಾಲ್ಕಿ

ಇವತ್ತೂ ಹಾಲು ಉಕ್ಕಿತು. ತಪ್ಪು ನನ್ನದಲ್ಲ. ಶಿವಕಾಂತ ಕಾಲೇಜಿಗೆ ಹೊರಡುವ ಮುನ್ನ ಕನ್ನಡಿಯ ಮುಂದೆ ನಿಂತು ಶರ್ಟಿನ ತೋಳು ಮಡಚುತ್ತಾನಲ್ಲ — ಆಗ ಒಲೆಯ ಕಡೆ ಯಾರು ನೋಡುತ್ತಾರೆ? ಫಿಸಿಕ್ಸ್ ಲೆಕ್ಚರರ್‌ಗಳು ಇಷ್ಟು ಚೆಂದ ಇರಬಾರದು ಅಂತ ರೂಲ್ ಮಾಡಬೇಕು.

"ಏನ್ರಿ ಡಿಸೈನರ್ ಮೇಡಂ, ಇವತ್ತ ಕಟ್ಟಿ ಮ್ಯಾಲ ಹಾಲಿನ ಡಿಸೈನಾ?" ಅಂದ. ಒರೆಸಿದವನೂ ಅವನೇ. ಮದುವೆಯಾಗಿ ಎರಡು ತಿಂಗಳಾದರೂ ನನಗಿನ್ನೂ ರಜೆಯಲ್ಲಿದ್ದ ಹಾಗೇ ಅನಿಸುತ್ತದೆ.

ಮಧ್ಯಾಹ್ನ

ಶಾರ್ಟ್‌ಲಿಸ್ಟ್!!! ಪುಣೆಯ ಸ್ಟುಡಿಯೊದಿಂದ ಅಮಿತಕುಮಾರ್ ಸರ್ ಫೋನ್ ಮಾಡಿದ್ದರು. ಕೊನೆಯ ಮೂರು ಡಿಸೈನ್‌ಗಳಲ್ಲಿ ನನ್ನದೂ ಇದೆ. ನನ್ನ ಕಾರು!

ರಸ್ತೆಗೆ ಎಂದೂ ಇಳಿಯದಿರಬಹುದು. ಮೋಟಾರ್ ಶೋಗಾಗಿ ಒಂದೇ ಒಂದು ಮಾಡುತ್ತಾರೆ — ಎಕ್ಸ್‌ಪೆರಿಮೆಂಟಲ್ ಲಗ್ಜುರಿ. ಸ್ಟೀರಿಂಗ್ ಇಲ್ಲ, ಡ್ರೈವರ್ ಇಲ್ಲ. ಇಬ್ಬರು ಕೂರುವ ಒಂದು ಕೋಣೆ, ತಾನೇ ಓಡುತ್ತದೆ. ಕ್ಲೈಂಟ್ ಕೇಳಿದ್ದು ಒಂದೇ ಪ್ರಶ್ನೆ: ಬಾಗಿಲು ಮುಚ್ಚಿದ ಮೇಲಿನ ಮೊದಲ ನಿಮಿಷ ಹೇಗಿರಬೇಕು? ನನ್ನ ಉತ್ತರ — ಕಪ್ಪು ಉಣ್ಣೆಯ ಮೆತ್ತನೆಯ ಸೀಟು, ತಲೆಯ ಮೇಲೆ ಪೂರ್ತಿ ಗಾಜು, ಆಕಾಶ.

"ಉಣ್ಣೆ ಇಷ್ಟ ಆಯ್ತು, ಮಾನಸಿ. ಗಾಜು ಮಾತ್ರ ನೀವು ಮೂವರೂ ಹಾಕಿದ್ದೀರಿ," ಅಂದರು ಸರ್. "ಇಪ್ಪತ್ತಾರಕ್ಕೆ ಬೀದರ್‌ಗೇ ಬರ್ತೀನಿ. ಸ್ಕೆಚ್ ಬೇಡ. ನಾನು ಒಳಗೆ ಕೂರಬೇಕು."

ಅಂದರೆ ಫುಲ್ ಸೈಜ್ ಮಾಕಪ್, ಒಳಗೆ ಕೂರಬಹುದಾದ ಮರದ ಮಾದರಿ! ಆಯ್ಕೆಯಾದರೆ ಕಾರು ಮುಗಿಯುವ ತನಕ ಇಲ್ಲಿಂದಲೇ ಕೆಲಸ. ಇಲ್ಲದಿದ್ದರೆ ಆಗಸ್ಟ್‌ನಿಂದ ಪುಣೆಯ ಡೆಸ್ಕಿಗೆ ವಾಪಸ್. ಅವನು ಭಾಲ್ಕಿಯಲ್ಲಿ, ನಾನು ಅಲ್ಲಿ... ಬೇಡ. ಬರೆದರೆ ನಿಜವಾದೀತು.

ಜುಲೈ 5, ಶನಿವಾರ. ಬೀದರ್

ಧಾನ್ಯದ ಮಾರುಕಟ್ಟೆ ಗಾಂಧಿ ಗಂಜಿನ ಹಿಂದೆ ಫಕ್ರೋದ್ದೀನ್ ಚಾಚಾರ ಬಡಗಿ ಕಾರ್ಖಾನೆ. ಇಲ್ಲಿಯ ನನ್ನ ತವರುಮನೆಯ ದಿವಾನ, ನನ್ನ ಸ್ಕೂಲ್ ಟೇಬಲ್ಲು, ಎಲ್ಲ ಅವರ ಕೈಯವೇ. ಈಗ ಕಾರು. ಡ್ರಾಯಿಂಗ್ ಹಾಸಿದೆ. ಉದ್ದಕ್ಕೆ ನೋಡಿದರು, ಅಡ್ಡಕ್ಕೆ ತಿರುಗಿಸಿ ನೋಡಿದರು.

"ಬೇಟಿ, ಸ್ಟೇರಿಂಗ್ ಎಲ್ಲದ?"

"ಇಲ್ರಿ ಚಾಚಾ."

"ಡ್ರೈವರ?"

"ಅವನೂ ಇಲ್ರಿ."

"ಮತ್ತ ಆಕ್ಸಿಡೆಂಟ್ ಆದ್ರ ಬೈಯೋದ್ ಯಾರಿಗಿ?"

ತೊಗರಿ ಚೀಲ ಹೊತ್ತು ಹೊರಟಿದ್ದ ಹಮಾಲರು ನಿಂತೇ ಬಿಟ್ಟರು. ಒಬ್ಬ, "ಇದ್ ಕಾರಲ್ರಿ, ಧಾನ್ಯ ತುಂಬೋ ಕೋಠಿ" ಅಂದ. ನಗಲಿ. ಪ್ಲೈವುಡ್ ತಳ, ಎರಡು ಸೀಟು, ಮೇಲೆ ಬಾಗಿದ ಮರದ ಪಕ್ಕೆಲುಬುಗಳು, ಅವುಗಳ ನಡುವೆ ಗಾಜಿನ ಬದಲು ಅಕ್ರಿಲಿಕ್. ಚಾಚಾ ಸೋಮವಾರದಿಂದಲೇ ಶುರು ಮಾಡುತ್ತಾರೆ.

ಜುಲೈ 6, ಭಾನುವಾರ. ಔರಾದ

ಔರಾದಿನಿಂದಾಚೆ ಅತ್ತೆಯ ಊರು. ಮನೆಗಿಂತ ಕುರಿ ಹಟ್ಟಿಯೇ ದೊಡ್ಡದು. ಮೊದಲ ಸಲ ಬಂದಾಗ ಹೀಲ್ಸ್ ಹಾಕಿಕೊಂಡು ಬಂದಿದ್ದೆ! ಅತ್ತೆ ಕಾಂತಾಬಾಯಿ ಅದನ್ನು ಈಗಲೂ ಓಣಿಯವರಿಗೆಲ್ಲ ನಡೆದು ತೋರಿಸುತ್ತಾರೆ.

ಸೀಟಿಗೆಂದು ಹೋದ ತಿಂಗಳೇ ಅತ್ತೆಗೆ ಹೇಳಿಟ್ಟಿದ್ದ ಬಟ್ಟೆ ಬಂದಿದೆ. ಅಯ್ಯೋ, ಎಂಥಾ ಬಟ್ಟೆ! ಕುರಿಮರಿಗಳ ಮೊದಲ ಕತ್ತರಿಯ ಉಣ್ಣೆ. ಅತ್ತೆಯೇ ನೂತದ್ದು, ಊರಿನ ನೇಕಾರರು ನೇಯ್ದದ್ದು. ಬಣ್ಣವಿಲ್ಲ — ಕುರಿಯ ಕಪ್ಪೇ ಕಪ್ಪು. ಬೆಕ್ಕಿನ ಬೆನ್ನಿನಷ್ಟು ಮೆತ್ತಗೆ. ಕೆನ್ನೆಗೆ ಒತ್ತಿಕೊಂಡು ಕೂತೇ ಬಿಟ್ಟೆ.

"ಅಂಚ ಕಟ್ಟೋದದ," ಅಂದರು ಅತ್ತೆ. "ಮುಂದಿನ ಐತವಾರ ಒಯ್ಯಿ. ದೊಡ್ ಮಂದಿ ಕೂಡೂದು. ನಮ್ಮ ಮನಿ ಹೆಸರ ಹೋಗಬಾರದು."

ಜುಲೈ 13, ಭಾನುವಾರ

ಗಂಜಿ ಹಾಕಿದ್ದಾರೆ.

ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಕುದಿಸಿ — ಆ ಗಂಜಿಯನ್ನು ನನ್ನ ಬಟ್ಟೆಯ ಎರಡೂ ಮೈಗೆ ಬಳಿದು ಬಿಸಿಲಿಗೆ ಒಣಗಿಸಿದ್ದಾರೆ. ಗೋಡೆಗೆ ಆನಿಸಿದರೆ ನಿಲ್ಲುತ್ತದೆ. ಬೆರಳಿನಿಂದ ಬಡಿದರೆ ಸದ್ದು ಬರುತ್ತದೆ. ಹಲಗೆ!

ಅತ್ತೆಯ ಮುಖದಲ್ಲಿ ಎಷ್ಟು ಹೆಮ್ಮೆ. "ಗಂಜಿ ಕಾಣದ ಕಂಬಳಿ ಹೊಸ್ತಿಲ ದಾಟಬಾರದು, ತಂಗಿ. ಮಂದಿ ಏನಂತಾರ? ಎರಡ ಕೈ ಹಚ್ಚೀನಿ, ನಿನ್ನ ಆಫೀಸಿನೋರಿಗಂತ."

"ಇದರ ಮ್ಯಾಲ ಯಾರ್ ಕೂಡ್ತಾರ್ರಿ!" ಅಂದೆ. ಜೋರಾಗಿಯೇ ಅಂದೆ. ಇಂಗ್ಲಿಷಿನಲ್ಲೂ ಏನೋ ಅಂದೆ. ಬಟ್ಟೆಯನ್ನು ಅಲ್ಲೇ ಬಿಟ್ಟು ಬೈಕ್ ಹತ್ತಿದೆ. ತಿರುಗಿ ನೋಡಿದಾಗ ಅತ್ತೆ ಅದನ್ನು ಸೆರಗಿನಿಂದ ಒರೆಸುತ್ತ ನಿಂತಿದ್ದರು. ಧೂಳೇನೂ ಇರಲಿಲ್ಲ.

ಜುಲೈ 17, ಗುರುವಾರ. ಭಾಲ್ಕಿ

ಅತ್ತೆಯ ಫೋನಿಲ್ಲ. ನಾನೂ ಮಾಡಿಲ್ಲ. ಹಾಲು ಉಕ್ಕುತ್ತಿಲ್ಲ.

ಅಂಗಡಿಯ ಉಣ್ಣೆಯ ಸ್ಯಾಂಪಲ್ ತರಿಸಿದೆ. ಮೆತ್ತಗಿದೆ. ಯಾರದೂ ಅಲ್ಲ ಅನ್ನುವಷ್ಟು ಮೆತ್ತಗೆ. ಇದನ್ನು ತೋರಿಸಲು ಸರ್ ಇಷ್ಟು ದೂರ ಯಾಕೆ ಬರಬೇಕು? ಶಿವಕಾಂತ ಹೇಳಿದ, "ಶನಿವಾರ ಆ ಬಟ್ಟಿ ತರೋಣ. ಬೀದರದಾಗ ಡ್ರೈಕ್ಲೀನರ್ ಹತ್ರ ಕೇಳೋಣ. ಗಂಜಿ ಹೋದ್ರ ಹೋಯ್ತು." ಪುಣೆಯ ಮಾತು ಇಬ್ಬರೂ ಎತ್ತುವುದಿಲ್ಲ. ನಿನ್ನೆ ಅವನೊಬ್ಬನೇ ಕೂತು ಫೋನಿನಲ್ಲಿ ಟ್ರೇನ್ ಟೈಮಿಂಗ್ ನೋಡುತ್ತಿದ್ದ. ನೋಡದ ಹಾಗೆ ಒಳಗೆ ಬಂದೆ.

ಜುಲೈ 19, ಶನಿವಾರ

ಬರೆಯಲು ಕೈ ಓಡುತ್ತಿಲ್ಲ, ಕುಣಿಯುತ್ತಿದೆ!

ಬೆಳಿಗ್ಗೆ ಇಬ್ಬರೂ ಔರಾದಿಗೆ ಹೋದೆವು. ಅತ್ತೆ ಬಟ್ಟೆ ತಂದು ಕೈಗಿಟ್ಟರು. "ತೊಳಿಸ್ತೀರಂತ. ತೊಳಿಸ್ರಿ." ಅಷ್ಟೇ. ನನಗೆ ಬಹುವಚನ! ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬೀದರಿನ ದಾರಿ ಹಿಡಿದೆವು. ಜನವಾಡ ಇನ್ನೂ ದೂರ ಇರುವಾಗಲೇ ಮಳೆ. ಹನಿಯಲ್ಲ — ಸುರಿದದ್ದು. ಮರವಿಲ್ಲ, ಸೂರಿಲ್ಲ, ಎರಡೂ ಕಡೆ ಬರೀ ಸೋಯಾ ಹೊಲ.

ಶಿವಕಾಂತ ಬೈಕ್ ನಿಲ್ಲಿಸಿ, ಬಟ್ಟೆಯ ಗಂಟು ಬಿಚ್ಚಿದ. "ಕೊಪ್ಪಿ ಹಾಕೋಣ ಬಾ." ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲಿಟ್ಟರೆ ಆಯಿತು, ಕುರಿ ಕಾಯುವವರ ಕೊಪ್ಪೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಅಡವಿಯಲ್ಲಿ ಹೀಗೇ ಕೂರುತ್ತಿದ್ದನಂತೆ. ರಸ್ತೆ ಬದಿಯಲ್ಲಿ ಕೂತೆವು, ಒಂದೇ ಕೊಪ್ಪೆಯೊಳಗೆ ಇಬ್ಬರೂ.

ಮಳೆ ದೂರ ಹೋಯಿತು.

ಮೇಲೆ ಬೀಳುತ್ತಲೇ ಇದೆ, ಆದರೆ ಸದ್ದು ಬೇರೆ ಯಾರದೋ ಮನೆಯ ಮೇಲೆ ಬಿದ್ದ ಹಾಗೆ. ಬಟ್ಟೆ ತಲೆಗೆ ತಾಗದೆ ತನ್ನ ಬಲದ ಮೇಲೆ ಬಾಗಿ ನಿಂತಿದೆ. ನೀರು ಮೇಲಿಂದ ಜಾರಿ ಕಾಲ ಬಳಿ ಬೀಳುತ್ತಿದೆ. ಒಳಗೆ ಬೆಚ್ಚಗಿನ ಕತ್ತಲು, ಹುರಿದ ಹುಣಸೆ ಬೀಜದ ವಾಸನೆ, ಕುರಿಯ ವಾಸನೆ, ಅವನ ಒದ್ದೆ ಕೂದಲು. ಮಾತೇ ಬೇಕಿರಲಿಲ್ಲ. ಆದರೂ ಕಿರುಚಿದೆ.

"ಏನಾತು? ಹುಳಾ ಕಚ್ಚಿತೇನು?"

"ಮೊದಲನೇ ನಿಮಿಷ! ಇದೇ ಮೊದಲನೇ ನಿಮಿಷ, ಶಿವೂ! ಸೀಟಲ್ಲ, ರೂಫ್! ಗಾಜು ಬ್ಯಾಡ, ಆಕಾಶ ಬ್ಯಾಡ!"

ಅವನು ಒಂದು ಕ್ಷಣ ಯೋಚಿಸಿದ. "ಅಂದ್ರ ಡ್ರೈಕ್ಲೀನಿಂಗ್ ಕ್ಯಾನ್ಸಲ್?"

ಕೊಪ್ಪೆಯೊಳಗೇ ಅವನಿಗೆ ಮುತ್ತು ಕೊಟ್ಟೆ. ಔರಾದಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ಹೊಡೆಯಲಿ.

ಜುಲೈ 20, ಭಾನುವಾರ. ಔರಾದ

ತಿರುಗಿ ಹೋದೆ. ಹೋಗಲೇಬೇಕಿತ್ತು. ಬಟ್ಟೆಯನ್ನು ಕಾರಿನ ಪಕ್ಕೆಲುಬುಗಳ ಮೇಲೆ ಬಾಗಿಸಿ ಕೂರಿಸಬೇಕಾದರೆ ನೆನೆಸಿ, ಹೊಸ ಗಂಜಿ ಹಾಕಿ, ಹಸಿ ಇರುವಾಗಲೇ ಎಳೆದು ಕಟ್ಟಿ ಒಣಗಿಸಬೇಕು. ಅತ್ತೆ ರೊಟ್ಟಿ ತಟ್ಟುತ್ತಿದ್ದರು.

"ಅತ್ತಿ, ಗಂಜಿ ಬೇಕ್ರಿ."

ಕೈ ನಿಲ್ಲಲಿಲ್ಲ. "ನಿನ್ನಿ ತೆಗೀಲಾಕ ಹೋಗಿದ್ರಿ. ಇವತ್ತ ಹಾಕ್ಲಾಕ ಬಂದ್ರ್ಯಾ?"

"ತಪ್ಪಾಯ್ತ್ರಿ. ಹಂಗ ಒದರಬಾರದಿತ್ತು."

"ನಾ ನಿಮಗ ಕೇಳಬೇಕಿತ್ತು."

"ಕೇಳಿದ್ರ ನಾ ಬ್ಯಾಡ ಅಂತಿದ್ದೆ."

ರೊಟ್ಟಿ ಹೆಂಚಿಗೆ ಬಿತ್ತು. ಅತ್ತೆ ನನ್ನ ಕಡೆ ನೋಡಿದರು. "ಮತ್ತ ಕೇಳದಿದ್ದದ್ದ ಛಲೋ ಆತಿಲ್ಲ?" ತುಟಿಯ ತುದಿಯಲ್ಲಿ ನಗು. ಆಮೇಲೆ, "ಏ ಹುಡಗಿ, ಆ ಹುಣಸಿ ಬೀಜದ ಡಬ್ಬಿ ತಾ. ಹೀಲ್ಸ್ ಬಿಚ್ಚಿ ತಾ."

ಚಪ್ಪಲಿಯನ್ನೇ ಹಾಕಿದ್ದೆ. ಆದರೂ ಬಿಚ್ಚಿ ಓಡಿದೆ. ಏಕವಚನ!

ಜುಲೈ 23, ಬುಧವಾರ. ಬೀದರ್

ಗಂಜಿನಲ್ಲಿ ಇವತ್ತು ನಮ್ಮದೇ ಸುದ್ದಿ. ಅತ್ತೆ ಗಂಜಿಯ ಪಾತ್ರೆಯ ಜೊತೆ ಬಸ್ಸಿನಲ್ಲಿ ಬಂದಿಳಿದರು. ಚಾಚಾ ಅಕ್ರಿಲಿಕ್ ಬಿಚ್ಚಿದರು. ಇಬ್ಬರಿಗೂ ದಿನವಿಡೀ ಜಗಳ.

"ಏ ಫಕ್ರೂ ಭಾಯಿ, ಮೆಲ್ಲಕ ಎಳೀರಿ, ಅದು ಹಂದರ ಅಲ್ಲ!"

"ಬಾಯಿ, ನಾ ಕಾರ್ ಮಾಡ್ಲಕತ್ತೀನಿ, ಕುರಿ ಅಲ್ಲ!"

ನನ್ನ ಮೊಣಕೈವರೆಗೂ ಗಂಜಿ. ಆದರೆ ಒಂದು ಭಯ. ಮೋಡ ಕವಿದೇ ಇದೆ, ಶನಿವಾರದೊಳಗೆ ಒಣಗದಿದ್ದರೆ? ಹಸಿ ಬಟ್ಟೆ ಒಳಕ್ಕೆ ಜೋತು ಬೀಳುತ್ತದೆ. ಶಿವಕಾಂತ ಕಾಲೇಜಿನಿಂದ ಎರಡು ಟೇಬಲ್ ಫ್ಯಾನ್ ಹೊತ್ತು ತಂದ. ಇದಕ್ಕಿಂತ ರೊಮ್ಯಾಂಟಿಕ್ ಗಿಫ್ಟ್ ಯಾರಾದರೂ ಕೊಟ್ಟಿದ್ದಾರಾ?

ಜುಲೈ 25, ಶುಕ್ರವಾರ

ಬಡಿದೆ. ಸದ್ದು ಬಂತು!!!

ಜುಲೈ 26, ಶನಿವಾರ. ಗಾಂಧಿ ಗಂಜ್

ತೊಗರಿ ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ನಿಂತರೆ ಕಚ್ಚಿ ಕಚ್ಚಿ ಉಗುರುಗಳೆಲ್ಲ ಮುಗಿಯುತ್ತವೆ.

ಸರ್ ಬಂದರು. ಸುತ್ತಲೂ ನಡೆದರು. "ಗಾಜು ಎಲ್ಲಿ?" ಅಂದರು. ತೆಗೆದೆ ಅಂದೆ. "ರೂಫ್... ಕಂಬಳಿ?" ಹೌದು ಅಂದೆ. ಮುಖದಲ್ಲಿ ಏನೂ ಇಲ್ಲ. ಗಂಟೆಗಟ್ಟಲೆ ಪ್ರಾಕ್ಟೀಸ್ ಮಾಡಿದ್ದ ಇಂಗ್ಲಿಷ್ ಪ್ರೆಸೆಂಟೇಶನ್ ಬದಿಗಿಟ್ಟೆ. "ಒಳಗೆ ಕೂತುಕೊಳ್ಳಿ ಸರ್," ಅಷ್ಟೇ ಹೇಳಿದೆ. ಕೂತರು. ಬಾಗಿಲು ಮುಚ್ಚಿದೆ.

ಇವತ್ತೇ ಮಳೆ ಇಲ್ಲ! ಇಷ್ಟು ದಿನ ಸುರಿದು ಇವತ್ತು ಬಿಸಿಲು. ಮಳೆಯಿಲ್ಲದೆ ಸರ್‌ಗೆ ಏನು ಗೊತ್ತಾಗುತ್ತದೆ? ಅತ್ತೆ ನನ್ನ ಮುಖ ನೋಡಿದರು. ಚಾಚಾರ ನಳದ ಬಳಿ ಹೋಗಿ ಕೊಡ ತುಂಬಿದರು. ಸ್ಟೂಲ್ ಹತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಪೂರ್ತಿ ಕೊಡವನ್ನು ಕಾರಿನ ನೆತ್ತಿಯ ಮೇಲೆ ಸುರಿದೇಬಿಟ್ಟರು! ಹಮಾಲರು ಚೀಲ ಇಳಿಸಿ ನಿಂತರು. ಚಾಚಾ "ಯಾ ಅಲ್ಲಾ" ಅಂದರು. ಶಿವಕಾಂತ ನನ್ನ ಕೈ ಹಿಡಿದ. ನೀರು ಉಣ್ಣೆಯ ಮೇಲಿಂದ ಜಾರಿ ನೆಲಕ್ಕಿಳಿಯಿತು.

ಒಳಗಿನಿಂದ ಸದ್ದಿಲ್ಲ. ಪೆನ್ನು ಹಿಡಿದು ಕೂತೆ. ಇನ್ನೂ ಇಲ್ಲ... ಇನ್ನೂ...

ಬಾಗಿಲು ಒಂದು ಗೇಣಷ್ಟೇ ತೆರೆಯಿತು. ಸರ್ ಹೊರಗೆ ಬರಲಿಲ್ಲ. ಕನ್ನಡಕ ಮಾತ್ರ ಕಂಡಿತು.

"ಮಾನಸಿ, ಇನ್ನೊಂದು ಕೊಡ ಸುರಿಯೋಕೆ ಹೇಳಿ. ಈ ಸಲ ನಿಧಾನಕ್ಕೆ. ನಾನು ಪುಣೆಗೆ ಫೋನ್ ಮಾಡ್ತೀನಿ, ಅವರೂ ಕೇಳಿಸಿಕೊಳ್ಳಲಿ. ಆಮೇಲೆ, ಆಗಸ್ಟ್‌ಗೆ ನೀವು ಅಲ್ಲಿಗೆ ಬರೋದು ಬೇಡ. ಅಲ್ಲಿಯ ಟೀಮ್ ಇಲ್ಲಿಗೆ ಬರಲಿ."

ಬಾಗಿಲು ಮತ್ತೆ ಮುಚ್ಚಿತು.

ಅತ್ತೆ ಕೇಳುತ್ತಿದ್ದಾರೆ, "ಏನಂತ, ತಂಗಿ? ಏನಂದ್ರ?" ಶಿವಕಾಂತ ಆಗಲೇ ನಳದ ಹತ್ತಿರ ಓಡಿದ್ದಾನೆ, ತೋಳು ಮಡಚುತ್ತ. ಚಾಚಾ ನನ್ನ ಕೈಗೂ ಒಂದು ಕೊಡ ಕೊಡುತ್ತಿದ್ದಾರೆ, ಈ ಡೈರಿ ಕೆಳಗಿಟ್ಟು...