ಹತ್ತು ಗಜದ ಸರಪಳಿ

ಟಿಪ್ಟನ್ ಫಾಲ್ಸ್, ಓಹಿಯೊ
4 ಡಿಸೆಂಬರ್ 1974

ಪ್ರೀತಿಯ ಮಿಲಾನ್,

ನಿನ್ನ ಎಮಿಲ್ ಚಿಕ್ಕಪ್ಪನ ಆಶೀರ್ವಾದಗಳು. ಹೋದ ಕ್ರಿಸ್ಮಸ್‌ಗೆ ನೀನು ಕಳಿಸಿದ ಕಾರ್ಡು ಜನವರಿಯಲ್ಲೇ ಬಂತು, ನಾನು ಉತ್ತರ ಬರೆಯಲು ಕೂರುವಷ್ಟರಲ್ಲಿ ಇನ್ನೊಂದು ಕ್ರಿಸ್ಮಸ್ ಬಾಗಿಲಿಗೆ ಬಂದಿದೆ. ಬೈಯಬೇಡ. ನಿನ್ನ ಹೆಡ್ವಿಗ್ ಚಿಕ್ಕಮ್ಮ ನಿನ್ನ ಪಾಲಿನದನ್ನೂ ಸೇರಿಸಿ ಆಗಲೇ ಬೈದು ಮುಗಿಸಿದ್ದಾಳೆ. ಕಾರ್ಡಿನ ಜೊತೆ ಬಂದ ಹೊಗೆ ಹಾಕಿದ ಮೀನು ಬಹಳ ರುಚಿಯಾಗಿತ್ತು. ಅಲಾಸ್ಕಾದಲ್ಲಿ ಚಳಿ ಹೇಗಿದೆ, ದೋಣಿಯ ಎಂಜಿನ್ ರಿಪೇರಿಯಾಯಿತೆ, ಮೊಣಕಾಲು ಈಗಲೂ ನೋಯುತ್ತದೆಯೆ, ಎಲ್ಲ ಬರೆ.

ನಿನಗೆ ಹೇಳಲೇಬೇಕಾದ ಮಾತೊಂದಿದೆ, ಇಪ್ಪತ್ತೊಂದು ವರ್ಷ ಹಳೆಯದು. ಅದಕ್ಕೆ ಧೈರ್ಯ ಬೇಕು, ಧೈರ್ಯ ಬರುವ ತನಕ ಊರ ಸುದ್ದಿ ಹೇಳುತ್ತೇನೆ. ಸುದ್ದಿ ಏನೆಂದರೆ, ನಮ್ಮ ಊರಿಗೂ ಒಂದು ಫುಟ್‌ಬಾಲ್ ತಂಡ ಬಂದಿದೆ. ಶಾಲೆಯದ್ದಲ್ಲ, ಸಂಬಳ ತೆಗೆದುಕೊಂಡು ಆಡುವ ದೊಡ್ಡವರ ತಂಡ!

ಹೊಸದಾಗಿ ಶುರುವಾದ ಲೀಗಿನಲ್ಲಿ ಒಂದು ತಂಡವನ್ನು ಕೊಂಡವನು ಬಾತ್‌ಟಬ್ ಮಾರುವ ವೆಂಡೆಲ್ ಸ್ಪ್ರೂಲ್. ನಮ್ಮ ಊರು ಎನಾಮಲ್ ಪಾತ್ರೆಯ ಊರಲ್ಲವೆ, ಅದಕ್ಕೆ ತಂಡಕ್ಕೆ 'ಕೆಟಲ್ಸ್' ಎಂದು ಹೆಸರಿಟ್ಟ. ಪಕ್ಕದೂರುಗಳ ತಂಡಗಳು ಹುಲಿ, ಕರಡಿ, ಗಿಡುಗ. ನಮ್ಮ ಹುಡುಗರು ಚಹಾ ಕಾಯಿಸುವ ಕೆಟಲನ್ನು ಹೆಲ್ಮೆಟ್ಟಿನ ಮೇಲೆ ಬರೆಸಿಕೊಂಡು ಅವರೆದುರು ನಿಲ್ಲಬೇಕು. ಮೊದಲ ಆಟದ ದಿನ ಟಿಕೆಟ್ ಕೊಂಡವರಿಗೆಲ್ಲ ಸ್ಪ್ರೂಲ್ ಒಂದೊಂದು ಕೆಟಲ್ ಮುಚ್ಚಳ ಹಂಚಿದ, ಬಡಿದು ಹುರಿದುಂಬಿಸಲಿ ಎಂದು. ಐದು ಸಾವಿರ ಮುಚ್ಚಳ ಒಟ್ಟಿಗೆ ಬಡಿದರೆ ನಮ್ಮ ಹುಡುಗರಿಗೆ ತಮ್ಮ ನಾಯಕನ ಕೂಗೇ ಕೇಳಿಸಲಿಲ್ಲ. ಒಬ್ಬ ಎಡಕ್ಕೆ ಓಡಿದ, ಒಬ್ಬ ಬಲಕ್ಕೆ ಓಡಿದ, ಚೆಂಡು ಹಿಡಿದವನು ನಡುವೆ ಒಬ್ಬನೇ ನಿಂತು ಅತ್ತಿತ್ತ ನೋಡಿದ. ಅವನ ಮೇಲೆ ನಾಲ್ಕು ಕರಡಿಗಳು ಬಿದ್ದವು. ನಲವತ್ತೊಂದಕ್ಕೆ ಸೊನ್ನೆ.

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಾಯಿತು. ನೀನು ಊರು ಬಿಟ್ಟು ಎಷ್ಟು ವರ್ಷವಾದರೂ ಇದು ಮರೆತಿರಲಾರೆ: ಹೊಳೆಯ ಪೂರ್ವದವರು ಮೈದಾನದ ಪೂರ್ವಕ್ಕೆ ಕೂರುತ್ತಾರೆ, ಪಶ್ಚಿಮದವರು ಪಶ್ಚಿಮಕ್ಕೆ. ಎರಡು ಹೈಸ್ಕೂಲು, ಎರಡು ಗ್ಯಾಲರಿ, ಐವತ್ತು ವರ್ಷದ ಜಗಳ. ಹೊಸ ತಂಡ ಇಡೀ ಊರಿನದು ಎಂದು ಸ್ಪ್ರೂಲ್ ತುತ್ತೂರಿ ಊದಿದರೂ ಒಬ್ಬನೂ ಜಾಗ ಬದಲಿಸಲಿಲ್ಲ. ಆದರೆ ನಮ್ಮ ತಂಡದ ಬೆಂಚು ಪಶ್ಚಿಮಕ್ಕೆ. ಪೂರ್ವಕ್ಕೆ ಬಂದು ಕೂತದ್ದು ಹೊರಗಿನ ತಂಡ. ನಮ್ಮ ಪೂರ್ವದವರಿಗೆ ತಮ್ಮ ಕಡೆ ಕೂತವರೇ ತಮ್ಮವರು!

ಬೇಕರಿಯ ವಿಲ್ಮಾ ನೆನಪಿದ್ದಾಳಲ್ಲ? ಎರಡನೆಯ ಆಟದಲ್ಲಿ ಅವಳು ಬೇಲಿಯ ಮೇಲಿಂದ ಬಗ್ಗಿ ಹೊರಗಿನ ತಂಡದ ಒಬ್ಬ ದಢೂತಿಯನ್ನು ಕರೆದಳು.

"ಏ ಮಗಾ, ಬೆಳಗ್ಗೆ ಏನಾದ್ರೂ ತಿಂದ್ಯಾ? ಮುಖ ನೋಡು, ಬೂದುಗುಂಬಳ ಆಗಿದೆ."

"ಇಲ್ಲಮ್ಮಾ, ಬಸ್ಸಲ್ಲಿ ಬಂದ್ವಿ," ಎಂದನಂತೆ ಅವನು.

ಅಷ್ಟೇ. ಮರುವಾರದಿಂದ ಪೂರ್ವದ ಹೆಂಗಸರು ಹೊರಗಿನವರಿಗೆ ಎಲೆಕೋಸಿನ ಸುರುಳಿ, ಗಸಗಸೆ ರೊಟ್ಟಿ, ಬಿಸಿ ಸೂಪು ಹೊತ್ತು ತರತೊಡಗಿದರು. ಗಂಡಸರು "ಅವರ ಎಡಗಡೆಯವನು ಕುಂಟ, ಅಲ್ಲೇ ನುಗ್ಗು" ಎಂದು ನಮ್ಮ ತಂಡದ ಗುಟ್ಟನ್ನೇ ಹೇಳಿಕೊಟ್ಟರು. ಲೀಗಿನ ತಂಡಗಳೆಲ್ಲ ಟಿಪ್ಟನ್ ಫಾಲ್ಸ್‌ಗೆ ಬರಲು ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದವು. ಸ್ಪ್ರೂಲ್ ಬಂದು ವಿಲ್ಮಾಳಿಗೆ ಕೈಮುಗಿದ. "ಅಮ್ಮಾ ತಾಯಿ, ಅವರು ಶತ್ರುಗಳು!"

"ನನ್ ಮುಂದೆ ಹಸಿದು ಕೂತೋನು ಶತ್ರು ಹೇಗಾಗ್ತಾನ್ರೀ? ನಿಮ್ ಹುಡುಗರನ್ನೂ ಈ ಕಡೆ ಕಳಿಸಿ, ಅವರಿಗೂ ಬಡಿಸ್ತೀನಿ," ಎಂದಳು. ಕಳಿಸಲಿಲ್ಲ. ಪಶ್ಚಿಮದವರ ಮಾನ ಹೋಗುತ್ತದಲ್ಲ.

ಇಷ್ಟೆಲ್ಲ ನಾನು ಹತ್ತಿರದಿಂದ ಕಂಡದ್ದು ಹೇಗೆಂದರೆ, ನಾನೂ ಮೈದಾನದಂಚಿನ ಗೆರೆಯ ಮೇಲೆಯೇ ನಿಂತಿದ್ದೆ. ಚೆಂಡು ಎಷ್ಟು ಮುಂದೆ ಹೋಯಿತೆಂದು ಅಳೆಯುವ ಹತ್ತು ಗಜದ ಸರಪಳಿಯನ್ನು ಶಾಲೆಯ ಆಟಗಳಿಗೆ ಹಿಡಿಯುತ್ತಿದ್ದ ನಮ್ಮ ಮೂವರನ್ನೇ ಸ್ಪ್ರೂಲ್ ಹೊಸ ತಂಡಕ್ಕೂ ಕರೆದ. ಚೆಂಡು ಹೊರಟ ಜಾಗದಲ್ಲಿ ನೆಡುವ ಹಿಂದಿನ ಕೋಲು ನನ್ನದು, ಹತ್ತು ಗಜ ಮುಂದಿನ ಕೋಲು ನಿನ್ನಪ್ಪನದು, ನಡುವೆ ಎಷ್ಟನೆಯ ಪ್ರಯತ್ನ ಎಂದು ತೋರಿಸುವ ಕಂಬ ಹಿಡಿದು ಕ್ಷೌರದಂಗಡಿಯ ಒಟ್ಟೊ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ದಾಟದಿದ್ದರೆ ಚೆಂಡು ಎದುರಾಳಿಗೆ. ದಾಟುವುದು ನಮ್ಮ ಕೆಟಲ್‌ಗಳಿಂದ ಅಪರೂಪವಾಗಿದ್ದರಿಂದ ಕೆಲಸ ಹಗುರವಾಗಿತ್ತು.

ನಿನ್ನಪ್ಪನೂ ನಾನೂ ಮಾತು ಬಿಟ್ಟು ಇಪ್ಪತ್ತೊಂದು ವರ್ಷ. ಕಾರಣ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಐವತ್ತಮೂರರ ನವೆಂಬರ್, ಪೂರ್ವಕ್ಕೂ ಪಶ್ಚಿಮಕ್ಕೂ ಆಟ, ಕೊನೆಯ ನಿಮಿಷ, ನಾಲ್ಕನೆಯ ಪ್ರಯತ್ನ. ಪೂರ್ವದ ಪರ ಚೆಂಡು ಹಿಡಿದು ನುಗ್ಗಿದವನು ನೀನು. ಸರಪಳಿ ತಂದು ಅಳೆದರೆ ಒಂದು ಗೇಣು ಕಡಿಮೆ. ನಿನ್ನನ್ನು ತಮ್ಮ ತಂಡಕ್ಕೆ ಆರಿಸಲೆಂದೇ ಯೂನಿವರ್ಸಿಟಿಯಿಂದ ಬಂದಿದ್ದವನು ಪುಸ್ತಕ ಮಡಚಿಕೊಂಡು ಹೋದ. ನಿನ್ನಪ್ಪ ಊರೆದುರು ಕೂಗಿದ: "ಸರಪಳಿ ಜಗ್ಗಿತು! ಇವನು ಕೋಲು ಅಲ್ಲಾಡಿಸಿದ! ಹೆಂಡ್ತಿ ಕಡೆಯವರಿಗೆ ಮಾರಿಕೊಂಡ!" ನಾನು ಪಶ್ಚಿಮದ ಹುಡುಗಿಯನ್ನು ಮದುವೆಯಾಗಿ ಹೊಳೆ ದಾಟಿದವನಲ್ಲವೆ. ರೆಫರಿ ನನ್ನನ್ನು ಕೇಳಿದ, ಅಲ್ಲಾಡಿಸಿದೆಯಾ ಎಂದು. ಇಲ್ಲ ಎಂದೆ. ಮುಂದಿನ ವಸಂತಕ್ಕೆ ನೀನು ಅಲಾಸ್ಕಾಕ್ಕೆ ಹೊರಟೆ.

ಆಮೇಲೆ ಇಬ್ಬರೂ ಕೋಲು ಬಿಡಲಿಲ್ಲ. ಬಿಟ್ಟವನು ಸೋತ ಹಾಗೆ. ಮರುವರ್ಷ ನಿನ್ನಪ್ಪ ಮನೆಯಿಂದ ಬಟ್ಟೆ ಒಣಗಿಸುವ ಮರದ ಕ್ಲಿಪ್ಪು ತಂದು, ಪ್ರತಿ ಸಲ ಸರಪಳಿಯ ಮೇಲೆ ಮೈದಾನದ ಗೆರೆ ಹಾಯುವ ಜಾಗಕ್ಕೆ ಸಿಕ್ಕಿಸತೊಡಗಿದ. ಅಳೆಯುವಾಗ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟರೆ ಸಾಕು, ಹಿಂದಿನ ಕೋಲಿನವನು ಸತ್ತು ಬಿದ್ದರೂ ಅಳತೆ ತಪ್ಪುವುದಿಲ್ಲ. ಅದು ಅಲ್ಲಿ ಯಾಕಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಾತೆಲ್ಲ ಒಟ್ಟೊನ ಮೂಲಕ ನಡೆಯುತ್ತಿತ್ತು. ನಿನ್ನಪ್ಪ ನನ್ನ ಕಿವಿಗೆ ಕೇಳುವಂತೆಯೇ "ಒಟ್ಟೊ, ಅವನಿಗೆ ಹೇಳು, ಮಳೆ ಬರುತ್ತೆ, ಟೋಪಿ ಹಾಕ್ಕೊಳ್ಳಿ" ಎನ್ನುವುದು, ಒಟ್ಟೊ ನನ್ನ ಕಡೆ ತಿರುಗಿ "ನಿಮ್ಮಣ್ಣ ಹೇಳ್ತಾನೆ, ಟೋಪಿಯಂತೆ" ಎನ್ನುವುದು. ಟೋಪಿ ಹಾಕಿಕೊಂಡು ನಾನು ಥ್ಯಾಂಕ್ಸನ್ನೂ ಒಟ್ಟೊನ ಕೈಲೇ ಕಳಿಸುತ್ತಿದ್ದೆ.

ಹೀಗೆ ಹನ್ನೊಂದು ಆಟ ಆಯಿತು, ಹನ್ನೊಂದೂ ಸೋತೆವು. ಹನ್ನೆರಡನೆಯದು, ಕೊನೆಯದು, ಹೋದ ಭಾನುವಾರ. ಒಂದಾದರೂ ಗೆಲ್ಲದಿದ್ದರೆ ತಂಡವನ್ನು ಬೇರೆ ಊರಿಗೆ ಮಾರುತ್ತೇನೆ ಎಂದು ಸ್ಪ್ರೂಲ್ ಹೇಳಿಬಿಟ್ಟಿದ್ದ. ಊರು ಆಗ ಎಚ್ಚೆತ್ತಿತು. ನಕ್ಕು ನಕ್ಕು ನೋಡಿದ್ದ ಕೆಟಲನ್ನು ಇನ್ನೊಬ್ಬರ ಒಲೆಯ ಮೇಲೆ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ, ನೋಡು. ಪಾದ್ರಿಗಳು ಪ್ರವಚನವನ್ನು ಹತ್ತೇ ನಿಮಿಷಕ್ಕೆ ಮುಗಿಸಿದರು.

ವಿಲ್ಮಾ ಮಾತ್ರ ತನ್ನ ಧರ್ಮ ಬಿಡಲಿಲ್ಲ. ವರ್ಷದ ಕೊನೆಯ ಊಟ ಎಂದು ಗಿಡುಗಗಳಿಗೆ ಹೊಟ್ಟೆ ಬಿರಿಯುವಂತೆ ಬಡಿಸಿದಳು. ಆಟ ಮುಗಿಯುವ ಹೊತ್ತಿಗೆ ಆ ಗಿಡುಗಗಳು ಹಾರುವುದಿರಲಿ, ಬಗ್ಗಲೂ ಆಗದೆ ನಿಂತಿದ್ದವು. ಒಂದು ನಿಮಿಷ ಉಳಿದಿರುವಾಗ ನಾವು ಏಳು, ಅವರು ಆರು! ಚೆಂಡು ನಮ್ಮದೇ, ನಾಲ್ಕನೆಯ ಪ್ರಯತ್ನ, ಇನ್ನೊಂದು ಗಜ ಬೇಕು. ಚೆಂಡನ್ನು ಒದ್ದು ದೂರ ಕಳಿಸಬೇಕಾಗಿತ್ತು, ಆದರೆ ಒದೆಯುವವನ ಕಾಲ ಮೇಲೆ ಅರ್ಧ ಗಂಟೆ ಮೊದಲಷ್ಟೇ ಸ್ಪ್ರೂಲ್ ಶೋಭೆಗೆಂದು ಮೈದಾನದ ಬದಿಗೆ ನಿಲ್ಲಿಸಿದ್ದ ತಗಡಿನ ದೊಡ್ಡ ಕೆಟಲ್ ಉರುಳಿತ್ತು. ನುಗ್ಗಲೇಬೇಕು. ದಾಟಿದರೆ ಆಟವೂ ತಂಡವೂ ಊರಿನದು. ದಾಟದಿದ್ದರೆ ಚೆಂಡು ಅವರದು, ನಮ್ಮ ಗೋಲು ಕಂಬಗಳ ಎದುರಲ್ಲೇ.

ಇದರ ಹಿಂದಿನ ಪ್ರಯತ್ನದಲ್ಲಿ ಒಬ್ಬ ಗಿಡುಗ ಗೆರೆ ದಾಟಿ ಬಂದು ಒಟ್ಟೊನ ಮೇಲೆ ಬಿದ್ದಿದ್ದ. ಒಟ್ಟೊ ಎದ್ದ. ಅವನ ಕೆಳಗಿದ್ದ ಕ್ಲಿಪ್ಪು ಎರಡು ತುಂಡು.

ನಿನ್ನಪ್ಪ ಅದನ್ನು ನೋಡಿದ. ನಾನೂ ನೋಡಿದೆ. ಇನ್ನೊಂದು ಕ್ಲಿಪ್ಪು ತರಲು ಹೊತ್ತಿರಲಿಲ್ಲ. ಇಡೀ ಊರಿನ ಹತ್ತು ಗಜ ಈಗ ನನ್ನ ಕೈಯ ಮೇಲೆ ನಿಂತಿತ್ತು. ನಮ್ಮ ಬೂತ್ ಎಂಬ ಹುಡುಗ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ತಲೆ ತಗ್ಗಿಸಿದ. ಅದೇ ಕ್ಷಣ ಹತ್ತು ಗಜ ಆಚೆಯಿಂದ ಕೂಗು ಬಂತು:

"ಎಮಿಲ್! ಅಲ್ಲಾಡ್ಬೇಡ ಕಣೋ!"

ನನಗೆ! ಇಪ್ಪತ್ತೊಂದು ವರ್ಷದ ಮೇಲೆ, ಹೆಸರು ಹಿಡಿದು! ಒಟ್ಟೊ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದ. "ನಿಮ್ಮಣ್ಣ ಹೇಳ್ತಾನೆ, ಅಲ್ಲಾಡ್ಬೇಡ್ವಂತೆ."

"ಕೇಳಿಸ್ತು ಒಟ್ಟೊ, ಬಾಯ್ಮುಚ್ಚು," ಎಂದೆ.

ನಾನು ಕೋಲನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಮುಚ್ಚಳಗಳು ಬಡಿದವು, ಯಾರೋ ಬಿದ್ದರು, ರೆಫರಿ ಸೀಟಿ ಊದಿದ. ಅಳೆಯಲು ಕರೆದರು. ನಿಂತ ಜಾಗದ ನೇರಕ್ಕೇ ಸರಪಳಿಯನ್ನು ಮೈದಾನದೊಳಕ್ಕೆ ಹೊತ್ತುಕೊಂಡು ಹೋದೆವು. ನಾನು ಮೊಣಕಾಲೂರಿ ಕೋಲನ್ನು ನೆಲಕ್ಕೆ ಒತ್ತಿ ಹಿಡಿದೆ, ನಿನ್ನಪ್ಪ ಸರಪಳಿ ಬಿಗಿದ. ಚೆಂಡಿನ ಮೂತಿ ಅವನ ಕೋಲಿಗಿಂತ ಒಂದು ಬೆರಳು ಮುಂದಿತ್ತು.

ಆಮೇಲೆ ಏನಾಯಿತು ಎಂದರೆ, ಪೂರ್ವದವರು ಒಂದು ಗಳಿಗೆ ಯಾರಿಗಾಗಿ ಸಂತೋಷಪಡಬೇಕು ಎಂದು ತಿಳಿಯದೆ ಎರಡೂ ಬೆಂಚುಗಳತ್ತ ನೋಡಿದರು. ವಿಲ್ಮಾ ಪಾತ್ರೆ ಎತ್ತಿಕೊಂಡು ಬೇಲಿ ದಾಟಿದಳು. "ಬನ್ರೋ, ಆ ಕಡೆಯ ಹುಡುಗರು ಮೂರು ತಿಂಗಳಿಂದ ಉಪವಾಸ ಇದಾರೆ!" ಪೂರ್ವ ಗ್ಯಾಲರಿಯೇ ಅವಳ ಹಿಂದೆ ಮೈದಾನ ದಾಟಿತು. ಸ್ಪ್ರೂಲ್ ಅಳುತ್ತಾ ಎಲೆಕೋಸಿನ ಸುರುಳಿ ತಿಂದ.

ನಾನೂ ನಿನ್ನಪ್ಪನೂ ಸರಪಳಿ ಸುತ್ತಿಕೊಂಡು ಅವನ ಟ್ರಕ್ಕಿನ ತನಕ ನಡೆದೆವು. ಒಟ್ಟೊ ಜಾಣ, ಹಿಂದೆ ಉಳಿದ. ಅಲ್ಲಿ ನಿನ್ನಪ್ಪ ನಿಂತು ಹೇಳಿದ: "ಅವತ್ತು ಜಗ್ಗಿತ್ತು ಕಣೋ ಎಮಿಲ್. ನನ್ನ ಕೈಗೆ ಗೊತ್ತಾಯ್ತು."

ನಾನು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ನನಗೆ ಹೇಳ್ಬೇಡ. ಹೇಳೋದೇನಾದ್ರೂ ಇದ್ರೆ ಹುಡುಗನಿಗೆ ಹೇಳು. ಇಷ್ಟು ವರ್ಷ ಕಾದಿದೀನಿ, ಅಲಾಸ್ಕಾದ ಟಪಾಲು ಹೋಗಿ ಬರೋ ತನಕ ಕಾಯಕ್ಕಾಗಲ್ವಾ?" ಎಂದು ಹೇಳಿ ಟ್ರಕ್ ಹತ್ತಿದ. ಹತ್ತಿದವನು ಕಿಟಕಿ ಇಳಿಸಿ, "ಟೋಪಿ ಹಾಕ್ಕೋ, ಚಳಿ," ಎಂದ.

ಹೆಡ್ವಿಗ್ ಚಿಕ್ಕಮ್ಮ ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ಒಂದು ಮುಗಿದಿದೆ. ದೋಣಿ ಹುಷಾರು. ದೇವರು ನಿನ್ನನ್ನು, ನಿನ್ನ ಬಲೆಯನ್ನು, ನಿನ್ನ ಆ ಹಾಳು ಮೊಣಕಾಲನ್ನು ಕಾಪಾಡಲಿ. ಮುಂದಿನ ವರ್ಷವೂ ತಂಡ ಇಲ್ಲೇ ಇರುತ್ತದೆ. ಎಂದಾದರೂ ಬಂದರೆ ಯಾವ ಕಡೆ ಬೇಕಾದರೂ ಕೂರಬಹುದು.

ಎಂದೆಂದಿಗೂ ನಿನ್ನ ಹಿತ ಬಯಸುವ,
ಎಮಿಲ್ ಚಿಕ್ಕಪ್ಪ

ತಾ.ಕ.: ಇಷ್ಟು ಬರೆದರೂ ಧೈರ್ಯ ಬರಲಿಲ್ಲ, ಧೈರ್ಯವಿಲ್ಲದೆಯೇ ಬರೆಯುತ್ತೇನೆ. ಅವತ್ತು ನಾನು ಕೋಲು ಅಲ್ಲಾಡಿಸಿದ್ದೆ. ಪಶ್ಚಿಮದವರಿಗಾಗಿ ಅಲ್ಲ. ಸರಪಳಿಯವನು ಯಾರ ಪರವಾಗಿಯೂ ಕೂಗಬಾರದು, ಕುಣಿಯಬಾರದು. ನೀನು ಎದುರಾಳಿಗಳಿಬ್ಬರ ನಡುವೆ ನುಸುಳಿ ಬಂದಾಗ ನನಗೆ ಅದು ಮರೆತುಹೋಯಿತು. "ಓಡು ಮಿಲಾನ್" ಎಂದು ಕೋಲು ಕಿತ್ತುಕೊಂಡು ನಿನ್ನ ಜೊತೆ ನಾನೂ ಎರಡು ಹೆಜ್ಜೆ ಓಡಿಬಿಟ್ಟೆ. ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ. ವಾಪಸು ಬಂದು ಅಂದಾಜಿನ ಮೇಲೆ ನೆಟ್ಟೆ. ರೆಫರಿ ಕೇಳಿದಾಗ ಕೋಲಿನ ಹಳೆಯ ತೂತು ನನ್ನ ಕಾಲ ಬಳಿಯೇ ಕಾಣುತ್ತಿತ್ತು, ಒಂದು ಮೊಳ ಹಿಂದೆ. ಕೆಲಸದಿಂದ ತೆಗೆಯುತ್ತಾರೆಂಬ ಹೆದರಿಕೆಗೆ ಅದರ ಮೇಲೆ ಬೂಟಿಟ್ಟು ನಿಂತೆ. ಆಮೇಲೆ ನಿನ್ನಪ್ಪ ನನ್ನನ್ನು ದ್ರೋಹಿ ಎಂದ, ಆ ಸಿಟ್ಟಿಗೆ ನಾಲಿಗೆ ಕಟ್ಟಿಕೊಂಡು ನಿನ್ನನ್ನು ಹೋಗಲು ಬಿಟ್ಟೆ. ಕ್ಲಿಪ್ಪಿನ ಅರ್ಧ ತುಂಡು ಇದರ ಜೊತೆ ಇಟ್ಟಿದ್ದೇನೆ, ಇನ್ನರ್ಧ ನಿನ್ನಪ್ಪನ ಹತ್ತಿರ ಇದೆ. ಕಡಿಮೆ ಬಿದ್ದದ್ದು ಒಂದು ಗೇಣು, ನಾನು ಕದ್ದದ್ದು ಒಂದು ಮೊಳ. ನೀನು ದಾಟಿದ್ದೆ, ಮಗೂ.