ಅಮ್ಮನ ಗಂಜಿಪಾತ್ರೆ

ಬ್ರೆಕ್ಕೆ, ನಾರ್ವೆ
೧೧ ಫೆಬ್ರವರಿ ೧೯೦೯

ಪ್ರೀತಿಯ ತಂಗಿ ಇಂಗೆಬ್ಯೋರ್,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಕೈ ಮರಗಟ್ಟುವ ಚಳಿ. ಬರೆಯಲು ಮನಸ್ಸೂ ಇರಲಿಲ್ಲ. ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಸುಗಳಂತೂ ಕ್ಷೇಮವಾಗಿವೆ.

ಭಾನುವಾರ ಚರ್ಚಿನ ಬಾಗಿಲಲ್ಲಿ ಗಿರಣಿಯ ಗುನ್‌ಹಿಲ್ ಸಿಕ್ಕಳು. ಅವಳ ಬಾಯಿ ನಿನಗೆ ಗೊತ್ತೇ ಇದೆ. "ನಿನ್ ತಂಗೀನ ನೋಡ್ದೆ ಕಣೆ! ನಿಮ್ಮಮ್ಮನ ಕೆತ್ತನೆ ಗಂಜಿಪಾತ್ರೆ ಹೊತ್ಕೊಂಡು, ಆ ಹಿಮದಲ್ಲಿ ಸೀಸೆಲ್ ಗುಡಿಸಲಿಗೆ ಹೋಗ್ತಿದ್ಲು. ಗಂಡು ಮಗು ಅಂತೆ. ಬೆಣ್ಣೆ ಘಮ ಗಿರಣಿವರೆಗೂ ಬಂತು!" ಎಂದಳು.

ನಾನು ನಕ್ಕೆ. ಸೀಸೆಲ್ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದು, ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಬಿಟ್ಟು ಹೋದವಳು. ಬಾಣಂತಿಗೆ ಗಂಜಿ ಒಯ್ಯುವವರು ನೆರೆಮನೆಯ ಹೆಂಗಸರು, ಇಲ್ಲವೇ ಮಗುವಿನ ಬಂಧುಗಳು. ನಿನ್ನ ಮನೆಗೂ ಅವಳ ಗುಡಿಸಲಿಗೂ ನಡುವೆ ಇಡೀ ಕಣಿವೆ ಇದೆ. ಮತ್ತೆ ನೀನು ಯಾವ ನಂಟಿನಿಂದ ಹೋದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಓಟ್ಸ್ ಗಂಜಿ ಮಾಡಿ, ನಡುವೆ ಬೆಣ್ಣೆ ಇಟ್ಟೆ. ನಾನೂ ಇವರೂ ಒಂದೇ ಬೋಗುಣಿಯಲ್ಲಿ, ಅವರವರ ಕಡೆಯಿಂದ ತಿನ್ನುವವರು.

"ಸೀಸೆಲ್‌ಗೆ ಗಂಡು ಮಗು ಆಯ್ತಂತೆ," ಎಂದೆ.

ಇವರು ತಲೆ ಎತ್ತದೆ, "ಇಂಗೆಬ್ಯೋರ್ ಹೇಳಿದ್ಲಾ?" ಎಂದರು.

ನಿನ್ನ ಹೆಸರನ್ನು ನಾನು ಎತ್ತಿಯೇ ಇರಲಿಲ್ಲ. "ಯಾರ್ದು ಆ ಮಗು?" ಎಂದೆ.

ಚಮಚ ಕೆಳಗಿಟ್ಟರು. "ನಂದೇ. ಅಕ್ಕಂಗೆ ಹೇಳ್ಬೇಡಿ ಅಂತ ನಿನ್ ತಂಗೀನೇ ಅಂದ್ಲು. ನಮ್ ಕಡೆಯಿಂದ ಯಾರಾದ್ರೂ ಗಂಜಿ ತಗೊಂಡು ಹೋಗ್ಬೇಕಲ್ವಾ ಭಾವ, ನಾನ್ ಹೋಗ್ಬರ್ತೀನಿ ಅಂದ್ಲು."

ನಮ್ಮ ಕಡೆಯಿಂದ! ಯಾವುದು ಕಣೆ ಆ ನಿಮ್ಮ ಕಡೆ?

ಬೋಗುಣಿ ಎತ್ತಿ ಹಂದಿಗೆ ಸುರಿದೆ. ಬಾಯಿಗೆ ಬಂದಂತೆ ಬೈದೆ. ಈಗ ಇವರಿಗೊಂದು ಬಟ್ಟಲು, ನನಗೊಂದು ಬಟ್ಟಲು. ಇವರೊಂದಿಗೆ ಹೇಗೋ ಬಾಳಿಯೇನು. ಆದರೆ ನೀನು? ಕೊಯ್ಲಿಗೆ ಬಂದಾಗ ನನ್ನ ಜಡೆ ಹೆಣೆಯುತ್ತ, "ಭಾವ ನಿನ್ನ ಎಷ್ಟ್ ಚೆನ್ನಾಗಿ ನೋಡ್ಕೋತಾರೆ ಅಕ್ಕ" ಎಂದೆಯಲ್ಲ. ಆಗಲೇ ನಿನಗೆ ಎಲ್ಲ ಗೊತ್ತಿತ್ತು.

ನಿನ್ನ ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ. ಆ ಕೂಸಿಗೂ ಮಾಡಲಿ, ಅದರ ತಪ್ಪೇನಿದೆ. ಈ ಈಸ್ಟರ್‌ಗೆ ನಮ್ಮ ಮನೆಗೆ ಬರಬೇಡ.

ನಿನ್ನ ಅಕ್ಕ,
ರಾನ್‌ವೈ

ಇನ್ನೊಂದು ಮಾತು: ನನ್ನ ಮಗಳು ಹುಟ್ಟಿದವಳು ಉಸಿರೇ ಆಡದೆ ಹೋದಳಲ್ಲ, ಆ ದಿನ ನೀನು ಬರಿಗೈಯಲ್ಲಿ ಬಂದಿದ್ದೆ. "ಕೂಸು ಉಳೀದೇ ಹೋದ್ರೆ ಗಂಜಿ ತರೋ ಪದ್ಧತಿ ಇಲ್ಲ ಅಕ್ಕ" ಎಂದೆ. ನಾನೂ ಹೌದೆಂದು ಸುಮ್ಮನಾದೆ. ಹೆತ್ತವಳು ನಾನೂ ಹೌದು, ಇಂಗೆಬ್ಯೋರ್. ಅವತ್ತು ನನಗೂ ಹಸಿವಾಗಿತ್ತು.