ಒಂದು ಮಾತಿಗೆ ಎಷ್ಟು ಗುಟುಕು?

ಫುಟ್‌ಬಾಲ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ,

ನಿಮ್ಮ ಆಟಗಾರರು ನನ್ನ ಗಂಡನ ಬಾಯಿ ಮುಚ್ಚಿಸಿದ್ದಾರೆ. ಲಕ್ವಾ ಹೊಡೆದಾಗಲೂ ಪೂರ್ತಿ ಮುಚ್ಚದಿದ್ದ ಬಾಯಿ ಅದು. ಗುಟ್ಟಾಗಿ ನಿಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ಅವರು ಮಾಡಿದ್ದನ್ನು ಮೆಲ್ಬರ್ನ್ ಪೂರ್ತಿ ಫೋನಿನಲ್ಲಿ ನೋಡಿದೆ, ನನ್ನ ಮಾತನ್ನೂ ಪೇಪರಿನಲ್ಲಿ ಓದಲಿ. ಇಟಲಿಯ ಕಲಾಬ್ರಿಯಾದ ಹಳ್ಳಿಯಲ್ಲಿ ಸನ್ಯಾಸಿನಿಯರ ಹತ್ತಿರ ಮೂರನೇ ಕ್ಲಾಸು ಓದಿದವಳು ನಾನು. ತಪ್ಪುಗಳನ್ನು ಮೊಮ್ಮಗಳು ಲೊರೆಡಾನಾ ತಿದ್ದಿದ್ದಾಳೆ. ಸಿಟ್ಟನ್ನು ತಿದ್ದಲು ನಾನು ಬಿಡಲಿಲ್ಲ.

ನನ್ನ ಗಂಡ ಆರ್ಕಾಂಜೆಲೊ ಯಾರೆಂದು ನಿಮಗೆ ಗೊತ್ತು, ಓದುವವರಿಗೆ ಹೇಳುತ್ತೇನೆ. ಆಟಗಾರರು ಮೈದಾನಕ್ಕಿಳಿಯುವ ಗೇಟು ತೆರೆದು, ಒಬ್ಬೊಬ್ಬರ ಬೆನ್ನು ತಟ್ಟಿ ಕಳಿಸುತ್ತಿದ್ದವರು ಅವರೇ. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಬಿತ್ತು, ಬಾಯಿ ವಾಲಿತು. ಥೆರಪಿಸ್ಟ್ ಒಬ್ಬಾಕೆ ಮನೆಗೆ ಬಂದು ತಿಂಗಳುಗಟ್ಟಲೆ ಮಾತು ಕಲಿಸಿದ ಮೇಲೆ ಹೊರಬಿದ್ದ ಮೊದಲ ಸ್ಪಷ್ಟ ಮಾತು ನನ್ನ ಹೆಸರಲ್ಲ, ಟಿವಿಯ ಫುಟ್‌ಬಾಲ್ ಮ್ಯಾಚಿನ ಅಂಪೈರನಿಗೆ ಒಂದು ಬೈಗುಳ. ಅವತ್ತು ಅಡುಗೆಮನೆಗೆ ಹೋಗಿ ಖುಷಿಗೆ ಅತ್ತೆ.

ಸೀಸನ್ ಮುಗಿದ ಮೇಲಿನ ಸೋಮವಾರ ಆಟಗಾರರು ವೇಷ ಹಾಕಿಕೊಂಡು ಬೆಳಿಗ್ಗೆಯಿಂದಲೇ ಪಬ್ಬಿನಲ್ಲಿ ಕೂರುವುದು ಇಲ್ಲಿನ ಪದ್ಧತಿ. ಹುಚ್ಚು ಸೋಮವಾರ ಎಂದೇ ಅದರ ಹೆಸರು. ಕ್ಲಬ್ಬಿನವರೊಬ್ಬರ ವೇಷ ಹಾಕಿದರೆ ಅದು ಅವರಿಗೆ ಮರ್ಯಾದೆ ಎಂದೇ ನಾವು ತಿಳಿದಿದ್ದೆವು. ಕ್ಯಾಂಟೀನಿನ ಡೊರೀನ್ ತನ್ನ ವೇಷದವನ ಜೊತೆ ನಿಂತ ಫೋಟೊವನ್ನು ಇವತ್ತಿಗೂ ಗೋಡೆಗೆ ಹಾಕಿಕೊಂಡಿದ್ದಾಳೆ. ಹಾಗಾಗಿ ನಿಮ್ಮ ಉಪನಾಯಕ ಭಾನುವಾರ ಮನೆಗೆ ಬಂದು, "ತಾತ, ನಾಳೆ ನಾನೇ ನೀವು. ಕೋಟು, ಟೋಪಿ, ಕೋಲು ಕೊಡ್ತೀರಾ?" ಎಂದಾಗ ಇವರ ಮುಖ ಅರಳಿತು.

"ಗುಂ... ಗುಂಡಿ. ಹುಷಾರು," ಎಂದರು.

"ಒಂದು ಗುಂಡೀನೂ ಕೀಳಲ್ಲ ತಾತ, ಆಣೆ."

"ಇವ್ರಾಗೋದಾದ್ರೆ ನೆಟ್ಟಗೆ ಆಗಪ್ಪ," ಎಂದೆ ನಾನು. "ನಮ್ಮೆಜಮಾನ್ರು ನಿನ್ ಥರ ಗೂನು ಬೆನ್ನು ಮಾಡ್ಕೊಂಡು ನಿಲ್ಲೋರಲ್ಲ." ಕೋಟಿಗೆ ಇಸ್ತ್ರಿ ಹಾಕಿ ಕೊಟ್ಟು ಕಳಿಸಿದೆ.

ಮಂಗಳವಾರ ವಿಡಿಯೊ ಬಂತು. ಅದರಲ್ಲಿ ಅವನು ಬಾಯಿಯನ್ನು ಒಂದು ಕಡೆ ಜೋಲುಬಿಟ್ಟು, ಗಲ್ಲದ ಮೇಲೆ ಬಿಯರ್ ಸುರಿಸಿಕೊಂಡು "ಗುಂ... ಗುಂ... ಗುಂ..." ಎನ್ನುತ್ತಾನೆ. ಅವನ ಮಾತು ಮುಗಿಯುವ ತನಕ ಉಳಿದವರೆಲ್ಲ ಲೋಟ ಕೆಳಗಿಡದೆ ಕುಡಿಯಬೇಕು. ಅದೇ ಆಟ. "ಬೇಗ ಉಗುಳೋ ಮುದುಕ, ಹೊಟ್ಟೆ ಒಡೀತದೆ," ಎಂದು ಯಾವನೋ ಕೂಗುತ್ತಾನೆ. ಮೂಲೆಯಲ್ಲಿ ನೀವಿದ್ದೀರಿ ಅಧ್ಯಕ್ಷರೇ, ಟೈ ಸಡಿಲಿಸಿಕೊಂಡು. ನಿಮ್ಮ ಲೋಟವೂ ಖಾಲಿಯಾಗುತ್ತದೆ. ಅಷ್ಟೊಂದು ಬಾಯಾರಿತ್ತೇ?

ನಿಮ್ಮ ಕಚೇರಿಯ ಹುಡುಗಿ ಫೋನು ಮಾಡಿದಳು. "ಅಜ್ಜಿ, ಹುಡುಗ್ರು ಒಂಚೂರು ಖುಷೀಲಿದ್ರು ಅಷ್ಟೇ. ಯಾರಿಗಾದ್ರೂ ನೋವಾಗಿದ್ರೆ..."

"ಆಗಿದ್ರೆ ಅಂದ್ರೇನಮ್ಮ? ಆಗಿದ್ಯೋ ಇಲ್ವೋ ಅಂತ ನನ್ನೇ ಕೇಳ್ತಿದ್ದೀಯಾ?"

ಹುಡುಗರಂತೆ. ಉಪನಾಯಕನಿಗೆ ಇಬ್ಬರು ಮಕ್ಕಳಿದ್ದಾರೆ. ಕರಾರಿಗೆ ಸಹಿ ಹಾಕುವಾಗ ಗಂಡಸು, ಕುಡಿದು ಕುಣಿದ ಮೇಲೆ ಹುಡುಗ. ಈ ವಯಸ್ಸು ಇಳಿಸುವ ಔಷಧಿ ನಮಗೂ ಸಿಗುತ್ತದೆಯೇ? ಆಮೇಲೆ ನೀವು ಬಿಯರಿನಲ್ಲಿ ನೆಂದ ಕೋಟಿನ ಬದಲಿಗೆ ಹೊಸ ಕೋಟೊಂದನ್ನು ಕಳಿಸಿದಿರಿ, ಬೆನ್ನ ಮೇಲೆ ಬಿಯರ್ ಕಂಪನಿಯ ಹೆಸರಿನ ಸಮೇತ. ಅದನ್ನು ಬಂದ ಹಾಗೆಯೇ ಕಟ್ಟಿ ವಾಪಸು ಕಳಿಸಿದ್ದೇನೆ.

ಇವರು ಆ ವಿಡಿಯೊವನ್ನು ಕೊನೆಯವರೆಗೂ ನೋಡಿದರು. ಫೋನನ್ನು ಲೊರೆಡಾನಾಳ ಕೈಗೆ ಕೊಟ್ಟರು. ಅಂದಿನಿಂದ ಒಂದೇ ಒಂದು ಮಾತಿಲ್ಲ. ಮಾತು ಕಲಿಸುವಾಕೆ ಬಂದರೆ ಗೋಡೆಯ ಕಡೆ ತಿರುಗುತ್ತಾರೆ. ಈಗ ಅಭ್ಯಾಸ ಬಿಟ್ಟರೆ ಬಂದ ಮಾತೂ ಹೋಗುತ್ತದೆ ಎಂದು ಆಕೆ ಹೇಳಿದ್ದಾಳೆ. ಉಪ್ಪು ಬೇಕಾದರೆ ಬೆರಳು ತೋರಿಸುತ್ತಾರೆ. ಆ ಬೈಗುಳವನ್ನಾದರೂ ಇನ್ನೊಮ್ಮೆ ಕೇಳಿದರೆ ಸಾಕೆನಿಸಿದೆ ನನಗೆ.

ನನಗೆ ನೀವು ಅವನಿಗೆ ಹಾಕುವ ದಂಡವೂ ಬೇಡ, ವಿಷಾದದ ಹೇಳಿಕೆಯೂ ಬೇಡ. ಗುರುವಾರ ಮಧ್ಯಾಹ್ನ ನೀವೂ ಆ ಉಪನಾಯಕನೂ ನಮ್ಮ ಮನೆಗೆ ಬನ್ನಿ. ಕ್ಯಾಮೆರಾದವರು ಬೇಡ. ಕಾಫಿ ನಾನು ಕೊಡುತ್ತೇನೆ, ಮುಟ್ಟದಿದ್ದರೂ ಸರಿ. ನನ್ನ ಗಂಡನ ಎದುರು ಕೂತು, ಮಾಡಿದ್ದನ್ನು ಒಪ್ಪಿಕೊಂಡು, ಕ್ಷಮಿಸುತ್ತೀರಾ ಎಂದು ಕೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಅರ್ಧ ಮಾತು ಬಂದಾಗ ಉಳಿದರ್ಧ ನೀವು ತುಂಬಬೇಡಿ. ಕತ್ತಲಾದರೆ ದೀಪ ಹಾಕುತ್ತೇನೆ. ಉತ್ತರ ಬರಲಿಲ್ಲವೋ, ಮುಂದಿನ ಗುರುವಾರ ಮತ್ತೆ ಬನ್ನಿ.

ಇಂತಿ,
ಬೇರೆ ಕ್ಲಬ್ಬು ಹುಡುಕುವ ವಯಸ್ಸು ದಾಟಿದ್ದರಿಂದ ಇನ್ನೂ ನಿಮ್ಮ ಸದಸ್ಯೆಯೇ ಆಗಿರುವ,
ಇಮ್ಮಾಕೊಲಾಟಾ